ಪೆಟ್ಟಿಗೆ ಬಂತು, ಹೂವೆಲ್ಲಿ?

ಬೆಂಗಳೂರು: ಜೇನು ಸಾಕಣೆಗೆಂದು ಕೇಂದ್ರ ಸರ್ಕಾರ 2020ರಲ್ಲಿ 500 ಕೋಟಿ ರೂಪಾಯಿಗಳ ಯೋಜನೆಯನ್ನು ಪ್ರಕಟಿಸಿತು. ಜೇನು ಪೆಟ್ಟಿಗೆಗಳಿಗೆ ಸಹಾಯಧನವೂ ಉಂಟು. ಮೇ 20ರಂದು ವಿಶ್ವ ಜೇನುನೊಣ ದಿನಾಚರಣೆ 2018ರಿಂದ ನಡೆಯುತ್ತಿದೆ. ಇಷ್ಟಾದರೂ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ: ಈ ನೊಣಗಳಿಗೆ ವರ್ಷದ ಹನ್ನೆರಡು ತಿಂಗಳೂ ಆಹಾರ ಎಲ್ಲಿಂದ ಬರಬೇಕು?

ಇದು ಕೇವಲ ಜೇನುತುಪ್ಪದ ಪ್ರಶ್ನೆಯಲ್ಲ. ಜಗತ್ತಿನ ಪ್ರಮುಖ ಆಹಾರ ಬೆಳೆಗಳಲ್ಲಿ ಶೇ 75ಕ್ಕೂ ಹೆಚ್ಚಿನವು ಒಂದಲ್ಲ ಒಂದು ಪ್ರಮಾಣದಲ್ಲಿ ಪರಾಗಸ್ಪರ್ಶಿ ಜೀವಿಗಳನ್ನು ಅವಲಂಬಿಸಿವೆ ಎಂದು ವಿಶ್ವಸಂಸ್ಥೆಯ ಬೆಂಬಲದ ವಿಜ್ಞಾನಿಗಳ ವೇದಿಕೆ 2016ರಲ್ಲಿ ವರದಿ ನೀಡಿತು. ರಾಗಿ, ಭತ್ತಗಳಿಗೆ ಕೀಟಗಳ ಹಂಗಿಲ್ಲ. ಆದರೆ ಕುಂಬಳ, ಹಾಗಲ, ಕಲ್ಲಂಗಡಿಗಳಲ್ಲಿ ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ತಲುಪದಿದ್ದರೆ ಕಾಯಿ ಕಟ್ಟದು.

ಹೊಲ ಬಿಟ್ಟ ಹೂವು

ರಾಜ್ಯಕ್ಕೆ ಈ ಪೆಟ್ಟು ಹೊಸದಲ್ಲ. 1991-92ರ ಸುಮಾರಿಗೆ ಹರಡಿದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲು ಕುಟುಂಬಗಳನ್ನು ನಾಶ ಮಾಡಿತು. ಅಲ್ಲಿಂದೀಚೆಗೆ ಪೆಟ್ಟಿಗೆಗಳು ಮತ್ತೆ ಬಂದಿವೆ, ಆದರೆ ಹೊಲದ ಸ್ವರೂಪ ಬದಲಾಗಿದೆ. ಹಳೆ ಮೈಸೂರಿನ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲಿನಲ್ಲಿ ಅವರೆ, ಸಾಸಿವೆ, ಹುಚ್ಚೆಳ್ಳು ಬೆಳೆಯುವ ಪದ್ಧತಿಯಿತ್ತು. ಮುಂಗಾರು ಮುಗಿಯುವ ಹೊತ್ತಿಗೆ ಅರಳುತ್ತಿದ್ದ ಹುಚ್ಚೆಳ್ಳಿನ ಹಳದಿ ಹೂವು ನೊಣಗಳಿಗೆ ದೊಡ್ಡ ಆಸರೆ. ಏಕಬೆಳೆ ಬಂದಲ್ಲಿ ಅಕ್ಕಡಿ ಹೋಯಿತು. ಬದುವಿನ ತುಂಬೆ ಗಿಡ ಕಳೆನಾಶಕಕ್ಕೆ ಬಲಿಯಾಯಿತು.

ಮಳೆಗಾಲವೇ ಜೇನಿಗೆ ಬರಗಾಲ. ಮಲೆನಾಡಿನ ಸಾಕಣೆದಾರರು ಆ ತಿಂಗಳುಗಳಲ್ಲಿ ಸಕ್ಕರೆ ಪಾಕ ಕೊಟ್ಟು ಕುಟುಂಬಗಳನ್ನು ಉಳಿಸಿಕೊಳ್ಳುತ್ತಾರೆ. ಕಾಡು ಜೇನಿಗೆ ಪಾಕ ಕೊಡುವವರು ಯಾರು?

ಉದ್ಯಾನ ನಗರಿಯ ವಿಪರ್ಯಾಸ

ನಗರದ ಚಿತ್ರಣವೂ ಆಶಾದಾಯಕವಾಗಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು ಹೆಜ್ಜೇನುಗಳ ಮೇಲೆ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ವಾಯುಮಾಲಿನ್ಯವಿರುವ ಪ್ರದೇಶಗಳಲ್ಲಿ ಹಿಡಿದ ನೊಣಗಳ ಪೈಕಿ ಶೇ 80ಕ್ಕೂ ಹೆಚ್ಚು 24 ಗಂಟೆಗಳೊಳಗೆ ಸತ್ತವು. ಅಲ್ಲಿ ಹೂವಿಗೆ ಬರುವ ನೊಣಗಳೂ ಕಡಿಮೆಯಿದ್ದವು.

ಇಂಥ ನಗರದಲ್ಲಿ ಹೂವು ನೆಡಬೇಕೆಂಬ ಉತ್ಸಾಹ ಸ್ವಾಗತಾರ್ಹ. ಆದರೆ ನರ್ಸರಿಗಳಲ್ಲಿ ಬೇಗ ಬಿಕರಿಯಾಗುವುದು ಕಣ್ಣಿಗೆ ಹಬ್ಬವಾಗುವ ಬಹುದಳದ ತಳಿಗಳು. ಕೇಸರಗಳೇ ದಳಗಳಾಗಿ ಮಾರ್ಪಟ್ಟ ಅನೇಕ ಹೂಗಳಲ್ಲಿ ಪರಾಗ ಅತ್ಯಲ್ಪ; ಮಕರಂದವಿದ್ದರೂ ನೊಣದ ಬಾಯಿಗೆ ಎಟುಕದು. ಹೂವು ಸಾವಿರವಿದ್ದರೂ ಕೀಟಕ್ಕೆ ಉಪವಾಸ!

ಋತುಮಾನದ ಲೆಕ್ಕ

ಆದ್ದರಿಂದ ಎಷ್ಟು ಹೂವು ಎಂಬುದಕ್ಕಿಂತ ಯಾವಾಗ, ಯಾವ ಹೂವು ಎಂಬುದು ಮುಖ್ಯ. ಬೇಸಿಗೆಯನ್ನು ಹೊಂಗೆ, ಬೇವು, ಹುಣಸೆ ಮರಗಳು ನೋಡಿಕೊಳ್ಳುತ್ತವೆ, ಅವನ್ನು ಕಡಿಯದಿದ್ದರೆ. ಮಳೆಗಾಲಕ್ಕೆ ತುಳಸಿ, ಕಾಮಕಸ್ತೂರಿ, ತುಂಬೆ. ಅದರ ಬೆನ್ನಿಗೆ ಹುಚ್ಚೆಳ್ಳು. ಚಳಿಗಾಲಕ್ಕೆ ಸಾಸಿವೆ, ಹೂವಿಗೆ ಬಿಟ್ಟ ಕೊತ್ತಂಬರಿ. ಸೂರ್ಯಕಾಂತಿಯನ್ನು ಯಾವ ಕಾಲದಲ್ಲೂ ಬಿತ್ತಬಹುದು. ಇವು ದುಬಾರಿ ಗಿಡಗಳಲ್ಲ. ಹಲವಕ್ಕೆ ಅಡುಗೆಮನೆಯ ಡಬ್ಬಿಯ ಬೀಜವೇ ಸಾಕು.

ಬಾಲ್ಕನಿಯ ನಾಲ್ಕು ಕುಂಡಗಳಿಂದ ಹೆಜ್ಜೇನಿನ ಗೂಡು ಉಳಿಯದು ಎಂಬ ಆಕ್ಷೇಪ ನಿಜ. ಆದರೆ ಗೋಡೆಯ ಬಿರುಕಿನಲ್ಲಿ ವಾಸಿಸುವ ಮುಜಂಟಿಯಂಥ ಪುಟ್ಟ ಜೇನು ಕೆಲವೇ ನೂರು ಮೀಟರ್ ಹಾರುತ್ತದೆ. ಅದಕ್ಕೆ ಒಂದು ಬೀದಿಯ ಕುಂಡಗಳೇ ಹೊಲ. ಟೊಮೆಟೊ, ಬದನೆ ಹೂವನ್ನು ಕಂಪಿಸಿ ಪರಾಗ ಉದುರಿಸುವ ದುಂಬಿಗಳಿಗೆ ಗೂಡು ಕೊರೆಯಲು ಒಣ ಮರದ ತುಂಡೂ ಬೇಕು.

ಕುಂಡದ ಕೆಲಸ ನಾಗರಿಕರದು. ಉದ್ಯಾನದ ಹುಲ್ಲುಹಾಸಿನ ಒಂದು ಅಂಚನ್ನು ನಾಟಿ ಹೂಗಿಡಗಳಿಗೆ ಬಿಡುವುದು, ಹೂವಿರುವಾಗ ಕೀಟನಾಶಕ ಸಿಂಪಡಿಸದಂತೆ ಗುತ್ತಿಗೆಯಲ್ಲೇ ಷರತ್ತು ಹಾಕುವುದು ಪಾಲಿಕೆಗಳ ಹೊಣೆ. ಪೆಟ್ಟಿಗೆಗೆ ಹಣ ಕೊಡುವ ಸರ್ಕಾರ ಅಕ್ಕಡಿ ಸಾಲಿಗೂ ಪ್ರೋತ್ಸಾಹಧನ ಕೊಡಲಿ. ಅಲ್ಲಿಯವರೆಗೆ ಸಹಾಯಧನದ ಪೆಟ್ಟಿಗೆ, ದವಸವಿಲ್ಲದ ಕಣಜದಂತೆಯೇ.