ತಂಗಡಗಿಯ ಆಚೆಗೂ ಒಬ್ಬ ರಾಮರಾಯನಿದ್ದಾನೆ

ದೇವಣಗಾಂವದ ಭೀಮೆಯಿಂದ ತಂಗಡಗಿಯ ಕೃಷ್ಣೆಯವರೆಗಿನ ಈ ಬಿಜಾಪುರ ಸೀಮೆ ಒಂದು ಕಾಲಕ್ಕೆ ಆದಿಲ್‌ಶಾಹಿಯ ಒಳನಾಡು. 1565ರ ಜನವರಿ 23ರಂದು ಕೃಷ್ಣೆಯ ಆಚೆ ದಂಡೆಯ ಕಾಳಗದಲ್ಲಿ ಅಳಿಯ ರಾಮರಾಯನ ತಲೆ ಉರುಳಿತು, ವಿಜಯನಗರ ಹಾಳಾಯಿತು. ನಾವು ಕಲಿತ ಪಾಠ ಇಷ್ಟೇ: ಒಂದು ಕಡೆ ಹಿಂದೂ ದಳಪತಿ, ಇನ್ನೊಂದು ಕಡೆ ಒಗ್ಗಟ್ಟಾದ ಸುಲ್ತಾನರು. ಸುಮಾರು ಐವತ್ತು ವರ್ಷ ಯುದ್ಧದಲ್ಲೇ ಕಳೆದವನ ಬಾಳನ್ನು ಒಂದೇ ದಿನಕ್ಕೆ ಕುಗ್ಗಿಸುವ ಈ ಪಾಠ ಬದಲಾಗಬೇಕು.

ಕುತುಬ್‌ಶಾಹಿ ಚರಿತ್ರೆಯೊಂದರ ಪ್ರಕಾರ ರಾಮರಾಯ ಮೊದಲು ಚಾಕರಿಗೆ ನಿಂತದ್ದೇ ಗೋಲ್ಕೊಂಡಾದಲ್ಲಿ. ಬಿಜಾಪುರದ ದಂಡು ಬಂದಾಗ ಕೋಟೆ ಬಿಟ್ಟು ಓಡಿದನೆಂದು ಸುಲ್ತಾನ ಹೊರಹಾಕಿದ. ಹಾಗೆ ಬಂದವನು ಕೃಷ್ಣದೇವರಾಯನ ದಂಡು ಸೇರಿ ಅವನ ಅಳಿಯನೇ ಆದ. 1542ರಲ್ಲಿ ದೊರೆ ಅಚ್ಯುತರಾಯ ತೀರಿಕೊಂಡ ಮೇಲೆ ಅವನ ಭಾವಮೈದುನ ಸಲಕರಾಜು ತಿರುಮಲನನ್ನು ಸೋಲಿಸಿ ಸದಾಶಿವರಾಯನಿಗೆ ಪಟ್ಟ ಕಟ್ಟಿದ. ಅಧಿಕಾರ ಮಾತ್ರ ತನ್ನ ಕೈಯಲ್ಲೇ ಇಟ್ಟುಕೊಂಡ.

ಮುಂದಿನ ಇಪ್ಪತ್ತು ವರ್ಷ ಅವನ ಯುದ್ಧನೀತಿ ಒಂದೇ: ಒಬ್ಬ ಸುಲ್ತಾನನನ್ನು ಜೊತೆಗಿಟ್ಟುಕೊಂಡು ಇನ್ನೊಬ್ಬನ ಮೇಲೆ ದಂಡೆತ್ತುವುದು. ಅಣ್ಣ ಜಮ್ಷೀದನಿಗೆ ಹೆದರಿ ಓಡಿಬಂದ ಗೋಲ್ಕೊಂಡಾದ ಇಬ್ರಾಹಿಂ ಏಳು ವರ್ಷ ವಿಜಯನಗರದ ಆಶ್ರಯದಲ್ಲಿದ್ದ. ರಾಮರಾಯನ ಮಗ ಸತ್ತಾಗ ಬಿಜಾಪುರದ ಅಲಿ ಆದಿಲ್‌ಶಾಹ ತಾನೇ ಬಂದು ಸಮಾಧಾನ ಹೇಳಿದ. ರಾಮರಾಯನ ಹೆಂಡತಿ ಅವನನ್ನು ಮಗನಂತೆ ಬರಮಾಡಿಕೊಂಡಳು. ಹೀಗೆ ಬರೆದವನು ಬಿಜಾಪುರದ ಆಸ್ಥಾನದಲ್ಲೇ ಇದ್ದ ಫರಿಷ್ತಾ. ರಾಮರಾಯನೂ ಅಲಿಯೂ ಕೂಡಿ ಅಹ್ಮದನಗರದ ಮೇಲೆ ಏರಿಹೋದರು.

ರಾಮರಾಯ ಎಡವಿದ್ದು ಇಲ್ಲಿಯೇ. ಗೆದ್ದಾಗಲೆಲ್ಲ ಜೊತೆಗಾರನ ನೆಲಕ್ಕೂ ಕೈ ಹಾಕಿದ, ಸುಲ್ತಾನರ ರಾಯಭಾರಿಗಳನ್ನು ಕೀಳಾಗಿ ಕಂಡ. ಕೊನೆಗೆ ಅವನ ವಿರುದ್ಧ ಒಗ್ಗೂಡಲು ಅಹ್ಮದನಗರದ ಹುಸೇನ ನಿಜಾಮಶಾಹ ತನ್ನ ಮಗಳು ಚಾಂದಬೀಬಿಯನ್ನು ಅಲಿಗೆ ಕೊಟ್ಟ, ಇಂಡಿಯ ನೆರೆಯ ಸೊಲ್ಲಾಪುರವನ್ನು ಬಳುವಳಿಯಾಗಿ ಬಿಟ್ಟ. ಅಹ್ಮದನಗರ, ಬಿಜಾಪುರಗಳ ದಶಕಗಳ ಹಗೆ ಮದುವೆಯ ನಂಟಿನಿಂದ ತಣಿಯಿತು.

ಕಾಳಗದ ದಿನ ರಾಮರಾಯನಿಗೆ ಎಂಬತ್ತರ ಆಸುಪಾಸು. ಕುದುರೆ ಬಿಟ್ಟು ಪಲ್ಲಕ್ಕಿಯಲ್ಲಿ ಕುಳಿತಿದ್ದ. ನಡುವೆ ಇಳಿದು, ನಾಣ್ಯದ ರಾಶಿ ಹಾಕಿಸಿ ಸೈನಿಕರಿಗೆ ಹಂಚಲು ಕುಳಿತ. ಅಹ್ಮದನಗರದ ತೋಪುಗಳು ತಾಮ್ರದ ಕಾಸುಗಳನ್ನೇ ತುಂಬಿಕೊಂಡು ಹತ್ತಿರದಿಂದ ಸಿಡಿದವು. ಮತ್ತೆ ಪಲ್ಲಕ್ಕಿ ಏರಿದವನತ್ತ ಆನೆಯೊಂದು ನುಗ್ಗಿದಾಗ ಬೋಯಿಗಳು ಪಲ್ಲಕ್ಕಿ ಬಿಟ್ಟು ಓಡಿದರು, ರಾಮರಾಯ ಸೆರೆಸಿಕ್ಕ.

ಎರಡು ವರ್ಷದ ಬಳಿಕ ವಿಜಯನಗರಕ್ಕೆ ಬಂದ ವೆನಿಸ್‌ನ ಸೀಸರ್ ಫ್ರೆಡರಿಕ್, ಇಬ್ಬರು ಮುಸ್ಲಿಂ ಸರದಾರರ ದ್ರೋಹದಿಂದ ಸೋಲಾಯಿತೆಂದು ಬರೆದ. ಇಂದಿಗೂ ಜನ ಅದನ್ನೇ ಹೇಳುತ್ತಾರೆ. ದ್ರೋಹ ನಡೆದಿದ್ದರೂ, ಇಡೀ ಸೋಲನ್ನು ಅದರ ತಲೆಗೆ ಕಟ್ಟುವುದು ಅನ್ಯಾಯ. ವಿಜಯನಗರದ ಅನ್ನ ಉಂಡ ಇಬ್ರಾಹಿಂ, ಮಗನೆನಿಸಿಕೊಂಡ ಅಲಿ ಎದುರು ಪಾಳೆಯದಲ್ಲಿ ನಿಂತದ್ದೇಕೆ ಎಂದು ಮಕ್ಕಳು ಕೇಳಬೇಕಲ್ಲವೇ? ಮುದ್ದೇಬಿಹಾಳ, ಸಿಂದಗಿಯ ಶಾಲೆಗಳವರು ಪ್ರವಾಸಕ್ಕೆ ದೂರದ ಹಂಪಿಗೆ ಹೋಗುತ್ತಾರೆ. ಒಮ್ಮೆ ತಂಗಡಗಿಯ ಹೊಳೆದಂಡೆಗೂ ಹೋಗಲಿ, ಪಾಠವನ್ನು ಅಲ್ಲಿ 1565ರಿಂದಲ್ಲ, 1542ರಿಂದ ಶುರುಮಾಡಲಿ.