ಹೊಸ ಕಾರಿನ ಹೊಳಪು, ಹಳೆಯ ಗಣಿಯ ದೂಳು

ಆಂಡರ್ಸನ್‌ಪೇಟೆಯ ಓಣಿಗೆ ಹೊಸ ಕಾರು ಬಂದರೆ ಅದು ಒಂದೇ ಮನೆಯ ಸುದ್ದಿಯಾಗಿ ಉಳಿಯುವುದಿಲ್ಲ. ಗಾಲಿಗಳಡಿ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಕುಂಕುಮದ ಸ್ವಸ್ತಿಕ, ಚೆಂಡುಹೂವಿನ ಹಾರ, ಸುತ್ತ ಮಕ್ಕಳ ಗುಂಪು. ಮರುದಿನ ಬೆಳಿಗ್ಗೆ ಮನೆಯ ಯಜಮಾನರು ಹಳೆಯ ಬನಿಯನ್ ತುಂಡೊಂದನ್ನು ಹಿಡಿದು ಹೊರಗೆ ಬರುತ್ತಾರೆ. ರಾತ್ರಿ ಕಾರಿನ ಮೇಲೆ ಕುಳಿತ ನವಿರಾದ ಬೂದು ದೂಳನ್ನು ಗುಂಡಗುಂಡಗೆ ಒರೆಸಿ ತೆಗೆಯುತ್ತಾರೆ. ಇದು ದಿನವೂ ನಡೆಯುತ್ತದೆ, ಪ್ರೀತಿಯಿಂದಲೇ ನಡೆಯುತ್ತದೆ. ಆರು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಬಿಸಿಲಿನಲ್ಲಿ ನೋಡಿದರೆ ಬಾನೆಟ್ಟಿನ ಮೇಲೆ ಜೇಡರ ಬಲೆ ಹರಡಿದಂತೆ ಗೆರೆಗಳು! ಆಗ ಅಂಗಡಿಗೆ ಓಡಿ ಮೇಣದ ಡಬ್ಬಿ ತರುತ್ತಾರೆ. ಮೊದಲೇ ಮೇಣ ಹಚ್ಚಬೇಕಿತ್ತು ಎಂದು ಹಳಹಳಿಸುತ್ತಾರೆ. ಆದರೆ ತಪ್ಪಾದದ್ದು ಮೇಣ ಹಚ್ಚದೆ ಇದ್ದುದರಿಂದ ಅಲ್ಲ, ಒಣದೂಳನ್ನು ಒರೆಸಿದ್ದರಿಂದ.

ಈ ದೂಳು ಎಲ್ಲಿಯದು? ಕೋಲಾರ ಚಿನ್ನದ ಗಣಿ ಪ್ರದೇಶದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಚಿನ್ನ ಬೆಣಚುಕಲ್ಲಿನ ಎಳೆಗಳಲ್ಲಿ ಸೇರಿಕೊಂಡಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಆರಂಭಿಸಿದಂದಿನಿಂದ 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೆ ಆ ಕಲ್ಲನ್ನು ನೆಲದಾಳದಿಂದ ಮೇಲೆತ್ತಿ, ಗಿರಣಿಗಳಲ್ಲಿ ಹಿಟ್ಟಿನಂತೆ ಅರೆದು, ಮುಂದಿನ ವರ್ಷಗಳಲ್ಲಿ ಸಯನೈಡ್ ದ್ರಾವಣದಲ್ಲಿ ನೆನೆಸಿಯೂ ಚಿನ್ನ ತೆಗೆದರು. ಸಿಕ್ಕ ಚಿನ್ನ ಸುಮಾರು 800 ಟನ್. ಉಳಿದ ಹಿಟ್ಟು 13 ದಿಬ್ಬಗಳಾಗಿ ಹಾಗೆಯೇ ನಿಂತಿದೆ. ಅದರ ತೂಕ ಸುಮಾರು 3.3 ಕೋಟಿ ಟನ್. ಜನ ಅದನ್ನು ಸಯನೈಡ್ ದಿಬ್ಬ ಎನ್ನುತ್ತಾರೆ. 2018ರ ‘ಕೆಜಿಎಫ್’ ಚಿತ್ರ ನೋಡಿದವರಿಗೆ ಆ ಬೋಳು ಗುಡ್ಡಗಳ ಪರಿಚಯವಿದೆ. ಗಾಳಿ ಬೀಸುವ ತಿಂಗಳುಗಳಲ್ಲಿ ಆ ಹಿಟ್ಟೇ ಎದ್ದು ಬಂದು ಕಿಟಕಿ, ಬಟ್ಟೆ, ಬಾವಿ, ಕಾರು ಎನ್ನದೆ ಎಲ್ಲದರ ಮೇಲೂ ಕೂರುತ್ತದೆ.

ಸಯನೈಡು ಕಾರಿನ ಬಣ್ಣವನ್ನು ಸುಡುತ್ತದೆಯೇ ಎಂದು ಕೆಲವರು ಆತಂಕಪಡುತ್ತಾರೆ. ಬಣ್ಣದ ಮಟ್ಟಿಗೆ ಶತ್ರು ದಿಬ್ಬದ ಹೆಸರಿನಲ್ಲಿರುವ ಸಯನೈಡ್ ಅಲ್ಲ, ದಿಬ್ಬದಲ್ಲಿರುವ ಕಲ್ಲಿನ ಪುಡಿ. 19ನೇ ಶತಮಾನದ ಆದಿಯಲ್ಲಿ ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೆಡರಿಕ್ ಮೋಸ್ ಖನಿಜಗಳ ಗಡಸುತನ ಅಳೆಯಲು ಒಂದು ಸರಳ ಅಳತೆಗೋಲು ಮಾಡಿದ. ಯಾವುದು ಯಾವುದನ್ನು ಗೀಚುತ್ತದೆ ಎಂಬುದಷ್ಟೇ ಅದರ ಆಧಾರ. ಅತಿ ಮೆದುವಾದ ಬಳಪದ ಕಲ್ಲಿಗೆ 1, ವಜ್ರಕ್ಕೆ 10. ಈ ಗೋಲಿನಲ್ಲಿ ನಮ್ಮ ಉಗುರಿನ ಗಡಸುತನ ಸುಮಾರು ಎರಡೂವರೆ, ಕಿಟಕಿಯ ಗಾಜಿನದು ಐದೂವರೆ, ಬೆಣಚುಕಲ್ಲಿನದು 7. ಅಂದರೆ ಈ ಪುಡಿ ಗಾಜನ್ನೇ ಗೀಚಬಲ್ಲದು. ಕಾರಿನ ಬಣ್ಣ ಗಾಜಿಗಿಂತ ಎಷ್ಟೋ ಮೆದುವಾದ ಒಂದು ಬಗೆಯ ಪ್ಲಾಸ್ಟಿಕ್. ಜೊತೆಗೆ ಗಿರಣಿಯಲ್ಲಿ ಒಡೆದ ಕಣಗಳ ಅಂಚು ಹರಿತ. ನದಿಯ ಮರಳಿನಂತೆ ಉರುಳಿ ಉರುಳಿ ನುಣುಪಾದುದಲ್ಲ. ಒಣಬಟ್ಟೆ ಈ ಕಣಗಳನ್ನು ಹಿಡಿದಿಟ್ಟುಕೊಂಡು ಬಣ್ಣದ ಮೇಲೆ ಎಳೆಯುತ್ತದೆ. ಬಡಗಿಯ ಮರಳುಕಾಗದ ಮಾಡುವುದೂ ಇದನ್ನೇ.

ಹೀಗೆ ಉಜ್ಜಿಸಿಕೊಳ್ಳುವ ಬಣ್ಣ ಎಷ್ಟು ದಪ್ಪ ಇದ್ದೀತು? ಇಂದಿನ ಕಾರಿನ ಉಕ್ಕಿನ ಮೇಲೆ ಮೊದಲು ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣದ ತೆಳು ಪದರ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲ ಸೇರಿ ಸುಮಾರು 100ರಿಂದ 130 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್. ನೋಟುಪುಸ್ತಕದ ಒಂದು ಹಾಳೆಯಷ್ಟೇ ದಪ್ಪ, ಅಥವಾ ತುಸು ಹೆಚ್ಚು ಎಂದುಕೊಳ್ಳಬಹುದು. ಇದರಲ್ಲಿ ಕ್ಲಿಯರ್ ಕೋಟಿನ ಪಾಲು 40 ಮೈಕ್ರಾನ್ ಆಸುಪಾಸು. ನಾವು ಹೊಳಪು ಎನ್ನುವುದು ಈ ಪದರದ ನುಣುಪನ್ನು. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ರಾಸಾಯನಿಕಗಳೂ ಇದರಲ್ಲೇ ಇವೆ.

ಗೆರೆಗಳು ಎಲ್ಲ ದಿಕ್ಕಿನಲ್ಲೂ ಇದ್ದರೂ ಬಿಸಿಲಿನಲ್ಲಿ ಮಾತ್ರ, ಅದೂ ಸೂರ್ಯನ ಪ್ರತಿಬಿಂಬದ ಸುತ್ತ ಉಂಗುರಗಳಂತೆ ಏಕೆ ಕಾಣುತ್ತವೆ? ಗೆರೆಯೊಂದು ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸಬೇಕಾದರೆ ಅದು ಬೆಳಕು ಬರುವ ದಿಕ್ಕಿಗೆ ಅಡ್ಡವಾಗಿರಬೇಕು. ಸಾವಿರಾರು ಗೆರೆಗಳಲ್ಲಿ ಅಡ್ಡವಿರುವವು ಮಾತ್ರ ಮಿಂಚುತ್ತವೆ. ಅವೆಲ್ಲ ಸೇರಿ ಕಣ್ಣಿಗೆ ಉಂಗುರವಾಗುತ್ತವೆ. ಕರಿ ಕಾರಿನಲ್ಲಿ ಇದು ಎದ್ದು ಕಾಣುತ್ತದೆ, ಬಿಳಿ ಕಾರಿನಲ್ಲಿ ಅಡಗಿರುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲ ನಿಯಮ: ನೀರು ಮುಟ್ಟದ ಕಾರನ್ನು ಬಟ್ಟೆ ಮುಟ್ಟಬಾರದು. ಬೆಳಿಗ್ಗೆ, ಲೋಹ ತಣ್ಣಗಿರುವಾಗ, ನೆರಳಿನಲ್ಲಿ ಮೇಲಿನಿಂದ ಕೆಳಕ್ಕೆ ನೀರು ಸುರಿದು ಸಡಿಲವಾದ ಕಣಗಳನ್ನೆಲ್ಲ ಇಳಿಸಬೇಕು. ಎರಡು ಬಕೆಟ್ ಇಟ್ಟುಕೊಳ್ಳಬೇಕು. ಒಂದರಲ್ಲಿ ಕಾರು ತೊಳೆಯುವ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಪ್ರತಿ ಸಲ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿ, ಹಿಂಡಿ, ಆಮೇಲೆ ಶಾಂಪೂ ನೀರಿಗೆ ಅದ್ದಬೇಕು. ಮಾಡು ಮೊದಲು, ಬಾಗಿಲುಗಳ ಕೆಳಭಾಗ ಕೊನೆಗೆ. ಗಾಲಿಗೆ ಬಳಸಿದ ಬಟ್ಟೆ ಮತ್ತೆ ಮೇಲಕ್ಕೆ ಬರಕೂಡದು. ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ಒಳ್ಳೆಯದು. ಅದರ ಎಳೆಗಳ ನಡುವೆ ಕಣಗಳು ಹುದುಗಿಕೊಳ್ಳುತ್ತವೆ. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸೋಪು ಎರಡೂ ಬೇಡ. ಜಿಡ್ಡು ತೆಗೆಯುವ ಅವುಗಳ ಗುಣವೇ ಮೇಣವನ್ನೂ ತೆಗೆಯುತ್ತದೆ. ತೊಳೆದ ಮೇಲೆ ಹನಿಗಳು ತಾವಾಗಿ ಆರಲೂ ಬಿಡಬಾರದು. ಕೋಲಾರ ಜಿಲ್ಲೆಯ ಕೊಳವೆ ಬಾವಿ ನೀರಿನ ಗಡಸುತನ ಬಿಸಿನೀರಿನ ಪಾತ್ರೆಯ ತಳ ಕಂಡವರಿಗೆ ಗೊತ್ತು. ಹನಿ ಆರಿದಲ್ಲಿ ಸುಣ್ಣದ ಬಿಳಿ ಕಲೆ ಉಳಿಯುತ್ತದೆ.

ನೀರಿಗೇ ಪರದಾಡುವ ಊರಿನಲ್ಲಿ ಕಾರಿಗೆ ದಿನಾ ಎರಡು ಬಕೆಟ್ ಎಲ್ಲಿಂದ ತರುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ದಿನಾ ಬೇಕಾಗಿಲ್ಲ. ದೂಳು ಸುಮ್ಮನೆ ಕುಳಿತಿದ್ದರೆ ಬಣ್ಣಕ್ಕೆ ಹಾನಿಯಿಲ್ಲ, ಅದನ್ನು ಎಳೆದಾಗಲೇ ಹಾನಿ. ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ಮನೆಯ ಕಾರು ವಾರವೆಲ್ಲ ನಿಂತೇ ಇರುತ್ತದೆ. ಅದು ಭಾನುವಾರದವರೆಗೆ ದೂಳು ಹೊತ್ತುಕೊಂಡೇ ಇರಲಿ. ಗಾಜನ್ನು ಮಾತ್ರ ನೀರು ಹಾಕಿ ತೊಳೆದುಕೊಂಡರೆ ಸಾಕು. ದೂಳು ಕುಳಿತ ಕಾರಿಗೆ ಹೊದಿಕೆ ಹಾಕುವುದು ಕೂಡ ತಪ್ಪು. ಗಾಳಿಗೆ ಹೊದಿಕೆ ಪಟಪಟಿಸಿದಷ್ಟೂ ಒಳಗಿನ ಮರಳು ಬಣ್ಣವನ್ನು ಉಜ್ಜುತ್ತದೆ.

ಈಗ ಮೇಣದ ಮಾತು. ಹೊಸ ಕಾರಿಗೆ ಮೂರು ತಿಂಗಳು ಮೇಣ ಹಚ್ಚಬಾರದು, ಬಣ್ಣ ಉಸಿರಾಡಬೇಕು ಎಂಬ ನಂಬಿಕೆಯಿದೆ. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿರುತ್ತಾರೆ. ಕಾರು ಮನೆಗೆ ಬರುವ ಹೊತ್ತಿಗೆ ಅದು ಪೂರ್ತಿ ಗಟ್ಟಿಯಾಗಿರುತ್ತದೆ. ಮೊದಲ ವಾರವೇ ಮೇಣ ಹಚ್ಚಬಹುದು. ಕಾಯಬೇಕಾದದ್ದು ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆಸಿದಾಗ. ಅಲ್ಲಿ ಅಷ್ಟು ಶಾಖ ಕೊಡುವುದಿಲ್ಲವಾದ್ದರಿಂದ ದ್ರಾವಕ ಆವಿಯಾಗಿ ಹೋಗಲು ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ನಂಬಿಕೆ ಹುಟ್ಟಿದ್ದು ಅಲ್ಲಿಂದ.

ಮೇಣಗಳಲ್ಲಿ ಹೆಸರಾದದ್ದು ಕಾರ್ನೋಬಾ. ಬ್ರೆಜಿಲಿನ ಈಶಾನ್ಯ ಭಾಗದ ಒಂದು ಜಾತಿಯ ತಾಳೆಯ ಮರ ತನ್ನ ಎಲೆಯ ನೀರು ಆರದಿರಲೆಂದು ಸ್ರವಿಸಿಕೊಳ್ಳುವ ಮೇಣ ಅದು. ಜೇನುಮೇಣ ಸುಮಾರು 63 ಡಿಗ್ರಿಗೆ ಕರಗಿದರೆ ಇದು 82 ಡಿಗ್ರಿ ದಾಟಬೇಕು. ಬಿಸಿಲಿಗೆ ಕಾದ ಬಾನೆಟ್ಟಿನ ಮೇಲೂ ಉಳಿಯುತ್ತದೆ. ತೊಳೆದು ಒರೆಸಿದ ತಣ್ಣನೆಯ ಮೈಗೆ ಸ್ಪಂಜಿನಿಂದ ತೀರ ತೆಳ್ಳಗೆ ಸವರಿ, ಮಂಜು ಕಟ್ಟಿದಂತಾದ ಮೇಲೆ ಶುದ್ಧ ಬಟ್ಟೆಯಿಂದ ತೆಗೆದರಾಯಿತು. ದಪ್ಪ ಬಳಿದರೆ ಲಾಭವಿಲ್ಲ, ಉಳಿಯುವುದು ಒಂದು ಮೈಕ್ರಾನಿಗೂ ಕಡಿಮೆ. ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ನೀರು ಮುತ್ತಿನಂತೆ ನಿಲ್ಲದೆ ಹಾಳೆಯಾಗಿ ಹರಡತೊಡಗಿದರೆ ಮೇಣ ಮುಗಿದಿದೆ ಎಂದರ್ಥ.

ಇಷ್ಟು ತೆಳುವಾದ ಪದರ ಬೆಣಚಿನ ಕಣವನ್ನು ತಡೆದೀತೇ? ಇಲ್ಲ. ಮೇಣ ಗುರಾಣಿಯಲ್ಲ. ಮೈಯನ್ನು ಜಾರುವಂತೆ ಮಾಡಿ ದೂಳು ನೀರಿಗೆ ಸುಲಭವಾಗಿ ಇಳಿಯುವಂತೆ ಮಾಡುವುದು, ಹಕ್ಕಿಯ ಹಿಕ್ಕೆಯ ಆಮ್ಲ ನೇರವಾಗಿ ಬಣ್ಣಕ್ಕೆ ತಾಗದಂತೆ ಸ್ವಲ್ಪ ಸಮಯ ಗಳಿಸಿಕೊಡುವುದು, ಇಷ್ಟೇ ಅದರ ಕೆಲಸ. ಹಿಕ್ಕೆ ಬಿದ್ದರೆ ಅಂದೇ ನೆನೆಸಿ ತೆಗೆಯಬೇಕು. ಪೂಜೆಯ ಕುಂಕುಮಕ್ಕೂ ಇದೇ ಮಾತು. ಬೊಟ್ಟು ಚಿಕ್ಕದಿರಲಿ, ಅಂದೇ ಸಂಜೆ ನೀರಿನಿಂದ ತೊಳೆಯಲಿ. ಕೃತಕ ಬಣ್ಣದ ಕುಂಕುಮ ಬಿಸಿಲಿನಲ್ಲಿ ದಿನಗಟ್ಟಲೆ ಉಳಿದರೆ ಕಲೆ ಕೂರುತ್ತದೆ. ದೇವರು ಇದಕ್ಕೆ ಮುನಿಯಲಾರ.

ಮೇಣಕ್ಕೂ ಪಾಲಿಶಿಗೂ ಇರುವ ವ್ಯತ್ಯಾಸ ತಿಳಿದಿರಬೇಕು. ಮೇಣ ಒಂದು ಪದರ ಸೇರಿಸುತ್ತದೆ, ಪಾಲಿಶ್ ಒಂದು ಪದರ ಕೆರೆಯುತ್ತದೆ. ಹಿಂದಿನ ಅಂಬಾಸಿಡರ್ ಕಾರಿನ ಬಣ್ಣಕ್ಕೆ ಕ್ಲಿಯರ್ ಕೋಟ್ ಇರಲಿಲ್ಲ. ಬಿಸಿಲಿಗೆ ಸುಣ್ಣದಂತಾದ ಮೇಲ್ಮೈಯನ್ನು ಕಾಂಪೌಂಡ್ ಹಾಕಿ ಕೆರೆದರೆ ಕೆಳಗಿನ ಹೊಸ ಬಣ್ಣ ನಗುತ್ತಿತ್ತು. ಆ ಅಭ್ಯಾಸವನ್ನು 40 ಮೈಕ್ರಾನಿನ ಪದರದ ಮೇಲೆ ಪ್ರತಿ ಹಬ್ಬಕ್ಕೂ ಮಾಡಿದರೆ ಕೆಲವೇ ವರ್ಷಗಳಲ್ಲಿ ಪದರವೇ ಉಳಿಯುವುದಿಲ್ಲ. ಇನ್ನು ಅಂಗಡಿಗಳಲ್ಲಿ ‘9ಎಚ್’ ಎಂದು ಮಾರುವ ಸೆರಾಮಿಕ್ ಲೇಪ. ಅದು ಮೇಣಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ನಿಜ. ಆದರೆ ಆ 9 ಮೋಸ್ ಗೋಲಿನ 9 ಅಲ್ಲ, ಪೆನ್ಸಿಲಿನ 9ಎಚ್. ಆ ಪೆನ್ಸಿಲ್ ಗೀಚಲಾರದ್ದನ್ನು ದಿಬ್ಬದ ಮರಳು ಗೀಚಬಲ್ಲದು. ಅದನ್ನು ಹಾಕಿಸಿದವರಿಗೂ ಮೊದಲ ನಿಯಮ ತಪ್ಪಿದ್ದಲ್ಲ.

ಆ ನಿಯಮ ಗಣಿಯವರಿಗೆ ಹೊಸದಲ್ಲ. ಬಂಡೆ ಕೊರೆಯುವಾಗ ದೂಳು ಏಳದಂತೆ ನೀರು ಹಾಯಿಸುವುದು ಗಣಿಗಾರಿಕೆಯ ಮೊದಲ ಪಾಠಗಳಲ್ಲಿ ಒಂದು. ಅದನ್ನು ಕಲಿಯಲು ತೆತ್ತ ಬೆಲೆ ದೊಡ್ಡದು. ಬೆಣಚಿನ ನವಿರು ದೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಬರುತ್ತದೆ. 1940ರ ದಶಕದಲ್ಲಿ ಕೋಲಾರ ಗಣಿಯ ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಬಹಳ ಮಂದಿಯಲ್ಲಿ ಆ ರೋಗ ಕಂಡುಬಂದಿತ್ತು. ಅದಕ್ಕೆ ಇಂದಿಗೂ ಪೂರ್ತಿ ವಾಸಿಮಾಡುವ ಮದ್ದಿಲ್ಲ. ಬಯಲಿನಲ್ಲಿ ಹಾರುವ ದಿಬ್ಬದ ದೂಳು ಸುರಂಗದ ದೂಳಿನಷ್ಟು ದಟ್ಟವಲ್ಲ, ನಿಜ. ಆದರೂ ಖನಿಜ ಅದೇ. ದಿಬ್ಬಗಳನ್ನು ಮತ್ತೆ ಅಗೆದು ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಗೆಯುವ ಯಂತ್ರ ಬರುವ ಮೊದಲು ಅಲ್ಲಿಗೆ ನೀರು ಬರಬೇಕು ಎಂದು ಊರಿನವರು ಕೇಳಿದರೆ ಅದು ಅತಿಯಾಸೆಯಲ್ಲ.

ಅಲ್ಲಿಯವರೆಗೆ ಮನೆಯ ಮುಂದಾದರೂ ಆ ಪಾಠ ನಡೆಯಲಿ. ಬೆಳಿಗ್ಗೆ ಬನಿಯನ್ ತುಂಡಿನಿಂದ ಕಾರನ್ನು ಝಾಡಿಸಿದಾಗ ಏಳುವ ದೂಳು ಹೋಗುವುದು ಒರೆಸುವವರ ಮೂಗಿಗೆ, ಪಕ್ಕದಲ್ಲಿ ನಿಂತು ನೋಡುವ ಮಗುವಿನ ಮೂಗಿಗೆ. ಅಂಗಳ ಗುಡಿಸುವ ಮುನ್ನ ಅಜ್ಜಿಯರು ನೀರು ಚಿಮುಕಿಸುತ್ತಿದ್ದರು. ಕಾರಿಗೂ ಅಷ್ಟೇ, ಮೊದಲು ನೀರು, ಆಮೇಲೆ ಬಟ್ಟೆ.