ಮಾಲ್ವರ್ನ್ ಗುಡ್ಡದ ಹುಲ್ಲು ಯಾರ ದುಡಿಮೆ?

ಇಂಗ್ಲೆಂಡಿನ ಹಳ್ಳಿಗಾಡನ್ನು ಕಂಡು ಬಂದವರ ಬಾಯಿಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಅಲ್ಲಿಯ ಜನ ನಿಸರ್ಗವನ್ನು ಅದರ ಪಾಡಿಗೆ ಬಿಟ್ಟಿದ್ದಾರೆ, ಆದುದರಿಂದಲೇ ಅದು ಅಷ್ಟು ಚೆಲುವಾಗಿ ಉಳಿದಿದೆ ಎಂಬುದೇ ಆ ಮಾತು. ಇದರ ಬೆನ್ನಿಗೇ ಇನ್ನೊಂದು ತೀರ್ಮಾನವೂ ಬರುತ್ತದೆ: ನಮ್ಮ ಮಲೆಗಳೂ ಉಳಿಯಬೇಕಾದರೆ ದನಗಳು ಕೆಳಗಿಳಿಯಬೇಕು, ಸೊಪ್ಪು-ದರಕಿನವರು ಹೊರಗಾಗಬೇಕು. ಮಾಲ್ವರ್ನ್ ಗುಡ್ಡಸಾಲನ್ನು ಎರಡು ದಿನ ನಡೆದು ನೋಡಿದ ಮೇಲೆ ಈ ಮಾತಿನ ಎರಡು ಭಾಗಗಳನ್ನೂ ಒಪ್ಪಲು ನನ್ನಿಂದ ಆಗುತ್ತಿಲ್ಲ.

ಲಂಡನ್ನಿನಿಂದ ವಾಯವ್ಯಕ್ಕೆ ರೈಲಿನಲ್ಲಿ ಸುಮಾರು ಎರಡೂವರೆ ತಾಸು ಪಯಣಿಸಿದರೆ ಗ್ರೇಟ್ ಮಾಲ್ವರ್ನ್ ಎಂಬ ಪುಟ್ಟ ಪಟ್ಟಣ ಸಿಗುತ್ತದೆ. ಅದರ ಬೆನ್ನಿಗೇ, ಬಯಲಿನಿಂದ ಥಟ್ಟನೆ ಎದ್ದ ಗೋಡೆಯಂತೆ, ಉತ್ತರ-ದಕ್ಷಿಣವಾಗಿ ಸುಮಾರು 13 ಕಿಲೋಮೀಟರ್ ಉದ್ದದ ಸಾಲು ನಿಂತಿದೆ. ಅತ್ಯುನ್ನತ ಶಿಖರವಾದ ವುಸ್ಟರ್‌ಶೈರ್ ಬೀಕನ್ನಿನ ಎತ್ತರ ಕೇವಲ 425 ಮೀಟರ್. ಕೊಡಚಾದ್ರಿಯನ್ನು ಹತ್ತಿದವರಿಗೆ ಇದು ಗುಡ್ಡವೇ ಅಲ್ಲವೆನಿಸೀತು. ಮಳೆಯಂತೂ ಆಗುಂಬೆಯದರ ಹತ್ತನೇ ಒಂದು ಪಾಲಿನಷ್ಟು. ಆದರೆ ಬಂಡೆಗಳು ಇಂಗ್ಲೆಂಡಿನ ಅತಿ ಪ್ರಾಚೀನ ಶಿಲೆಗಳ ಪೈಕಿ ಸೇರಿದವು. ಕೆಲವು 68 ಕೋಟಿ ವರ್ಷಗಳಷ್ಟು ಹಳೆಯವೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಶಿಖರದಲ್ಲಿ ನಿಂತರೆ ಪೂರ್ವಕ್ಕೆ ಸೆವರ್ನ್ ನದಿಯ ವಿಶಾಲವಾದ ಬಯಲು. ಪಶ್ಚಿಮಕ್ಕೆ ಹೆರೆಫರ್ಡ್‌ಶೈರಿನ ಜೀವಂತ ಬೇಲಿಗಳು, ಸೇಬಿನ ತೋಟಗಳು, ಆಚೆಗೆ ನೀಲಿಯಾಗಿ ವೇಲ್ಸಿನ ಬೆಟ್ಟಗಳು. ನಡುವಿನ ಏಣಿನ ಮೇಲೆ ಮರಗಳಿಲ್ಲ. ಕೂದಲು ಕತ್ತರಿಸಿದಂತಹ ಗಿಡ್ಡ ಹುಲ್ಲು, ಅಲ್ಲಲ್ಲಿ ಹಳದಿ ಹೂವಿನ ಗಾರ್ಸ್ ಎಂಬ ಮುಳ್ಳುಕಂಟಿ, ಇಳಿಜಾರಿನಲ್ಲಿ ಬ್ರ್ಯಾಕನ್ ಎಂಬ ಜರಿಗಿಡದ ದಟ್ಟಣೆ. ಅಂದಹಾಗೆ, ಶಿಖರದ ಮೇಲೆ ಹಿಂದೆ ಒಂದು ಚಹಾದಂಗಡಿಯಿತ್ತು. 1989ರಲ್ಲಿ ಅದು ಸುಟ್ಟುಹೋಯಿತು, ಮತ್ತೆ ಕಟ್ಟಲಿಲ್ಲ. ಗುಡ್ಡದ ನೆತ್ತಿಯ ಮೇಲೆಲ್ಲ ರೆಸಾರ್ಟಿನ ಕನಸು ಕಾಣುವ ನಮ್ಮ ನಾಡಿನವರು ಇದನ್ನು ಗಮನಿಸಬಹುದು.

ಆ ಬೋಳು ಏಣಿನ ಚೆಲುವು ನಿಸರ್ಗ ತಾನಾಗಿಯೇ ಕೊಟ್ಟದ್ದಲ್ಲ. ಆ ಹವೆಯಲ್ಲಿ, ಆ ಎತ್ತರದಲ್ಲಿ ನೆಲವನ್ನು ಅದರ ಪಾಡಿಗೆ ಬಿಟ್ಟರೆ ಮೊದಲು ಹುಲ್ಲು ಒರಟಾಗಿ ಜಡೆಗಟ್ಟುತ್ತದೆ. ಬಳಿಕ ಹಾಥಾರ್ನ್ ಪೊದೆ ಬರುತ್ತದೆ, ಅದರ ಹಿಂದೆ ಬರ್ಚ್, ಕೊನೆಗೆ ಓಕ್, ಆಶ್ ಮರಗಳ ಕಾಡು. ಈ ಕ್ರಮವನ್ನು ಶತಮಾನಗಳ ಕಾಲ ತಡೆದು ನಿಲ್ಲಿಸಿದ್ದು ಕುರಿಯ ಹಲ್ಲು ಮತ್ತು ಹಸುವಿನ ಗೊರಸು. ಮೇವಿನ ರೂಪದಲ್ಲಿ ಸಾರ ಹೊರಹೋಗುತ್ತಿದ್ದುದರಿಂದ ತೆಳುವಾದ ಆಮ್ಲೀಯ ಮಣ್ಣು ಬಡವಾಗಿಯೇ ಉಳಿಯಿತು. ಬಡ ಮಣ್ಣಿನಲ್ಲಿ ಯಾವುದೊಂದು ಹುಲ್ಲೂ ದರ್ಬಾರು ನಡೆಸಲಾರದು, ಆದ್ದರಿಂದ ಸಣ್ಣ ಸಸ್ಯಗಳಿಗೂ ಎಡೆ ದೊರಕಿತು. ಗ್ರೇಲಿಂಗ್ ಎಂಬ ಚಿಟ್ಟೆ ಇಂತಹ ಕಡೆಯೇ ಬದುಕುತ್ತದೆ. ಬಿಸಿಲಿಗೆ ಕಾದ ಬರಿಬಂಡೆ, ಅದರ ಪಕ್ಕದಲ್ಲಿ ನವುರಾದ ಹುಲ್ಲು, ಇವೆರಡೂ ಜೊತೆಯಾಗಿಯೇ ಅದಕ್ಕೆ ಬೇಕು. ಬ್ರ್ಯಾಕನ್ ಜರಿಯನ್ನು ಇಂಗ್ಲೆಂಡಿನ ಗುಡ್ಡಗಾಡಿನವರು ಕೊಯ್ದು ಒಣಗಿಸಿ ಕೊಟ್ಟಿಗೆಗೆ ಹಾಸುತ್ತಿದ್ದರು. ನಮ್ಮ ಮನೆಗಳಲ್ಲಿ ದರಕು ಹಾಸಿದಂತೆಯೇ. ಕೊಯ್ಯುವವರು ಇಲ್ಲವಾದಂದಿನಿಂದ ಅದು ಎದೆಯೆತ್ತರ ಬೆಳೆದು, ಸತ್ತ ಎಲೆಗಳ ದಪ್ಪ ಹೊದಿಕೆಯಡಿ ಉಳಿದುದೆಲ್ಲವನ್ನೂ ಮುಚ್ಚಿಬಿಡುತ್ತದೆ. ಜಾನುವಾರುಗಳಿಗೆ ಅದು ವಿಷ, ತಿನ್ನುವುದಿಲ್ಲ. ತುಳಿದಾದರೂ ಮುರಿಯಲು ಹಸುಗಳೇ ಬೇಕು.

ಗುಡ್ಡ ಹೀಗೆ ತೆರೆದುಕೊಂಡು ಉಳಿದದ್ದಕ್ಕೆ ಜಾನುವಾರಿನಷ್ಟೇ ಕಾನೂನೂ ಕಾರಣ. ಮಧ್ಯಯುಗದಲ್ಲಿ ಇದು ಅರಸರ ಬೇಟೆಯ ಅರಣ್ಯವಾಗಿತ್ತು. ಸುತ್ತಲಿನ ಹಳ್ಳಿಗರಿಗೆ ಅಲ್ಲಿ ಮೇಯಿಸುವ, ಉರುವಲು ತರುವ ರೂಢಿಯ ಹಕ್ಕುಗಳಿದ್ದವು. 1630ರ ದಶಕದಲ್ಲಿ ಒಂದನೆಯ ಚಾರ್ಲ್ಸ್ ದೊರೆ ಹಣದ ಅಡಚಣೆಯಿಂದ ಈ ಭೂಮಿಯನ್ನು ಮಾರಲು ಹೊರಟಾಗ ಜನ ಪ್ರತಿಭಟಿಸಿದರು. ಕಡೆಗೆ ಮೂರರಲ್ಲಿ ಒಂದು ಪಾಲು ದೊರೆಗೆ, ಉಳಿದ ಎರಡು ಪಾಲು ಹಕ್ಕುದಾರರಿಗಾಗಿ ಬೇಲಿಯಿಲ್ಲದೆ ತೆರೆದಿರಬೇಕೆಂದು ತೀರ್ಮಾನವಾಯಿತು; 1664ರ ಶಾಸನ ಅದನ್ನು ಸ್ಥಿರಪಡಿಸಿತು. ಆದರೂ ಒತ್ತುವರಿ ನಿಲ್ಲಲಿಲ್ಲ. 1842ರಿಂದ ಇಬ್ಬರು ವೈದ್ಯರು ಇಲ್ಲಿಯ ಚಿಲುಮೆನೀರಿನ ಜಲಚಿಕಿತ್ಸೆಯನ್ನು ಆರಂಭಿಸಿ ಪಟ್ಟಣ ಹೆಸರುವಾಸಿಯಾಯಿತು, ರೈಲು ಬಂತು, ಸಿರಿವಂತರ ಬಂಗಲೆಗಳು ಎದ್ದವು, ಗುಡ್ಡದ ಅಂಚು ಸವೆಯಿತು. ಅಂತಿಮವಾಗಿ 1884ರಲ್ಲಿ ಪಾರ್ಲಿಮೆಂಟು ವಿಶೇಷ ಶಾಸನವೊಂದನ್ನು ಮಾಡಿ ಮಾಲ್ವರ್ನ್ ಹಿಲ್ಸ್ ಕನ್ಸರ್ವೇಟರ್ಸ್ ಎಂಬ ಮಂಡಳಿಯನ್ನು ರಚಿಸಿತು. ಇಂದು ಮಾಲ್ವರ್ನ್ ಹಿಲ್ಸ್ ಟ್ರಸ್ಟ್ ಎಂಬ ಹೆಸರಿನ ಅದರ ವಶದಲ್ಲಿ ಸುಮಾರು 3,000 ಎಕರೆಗಳಿವೆ. ಸುತ್ತಲಿನ ಕೆಲವು ಗ್ರಾಮಗಳ ನಿವಾಸಿಗಳು ತಮ್ಮ ಸ್ಥಳೀಯ ತೆರಿಗೆಯ ಜೊತೆಗೆ ಗುಡ್ಡಕ್ಕೆಂದೇ ಒಂದು ಕರವನ್ನು ತೆರುತ್ತಾರೆ. ಮಂಡಳಿಯ ಕೆಲವು ಸದಸ್ಯರನ್ನು ಅವರೇ ಚುನಾಯಿಸುತ್ತಾರೆ.

1884 ಎಂಬ ಇಸವಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅದಕ್ಕಿಂತ ಕೇವಲ 6 ವರ್ಷ ಮೊದಲು, 1878ರಲ್ಲಿ, ಅದೇ ಸಾಮ್ರಾಜ್ಯ ಭಾರತದಲ್ಲಿ ಅರಣ್ಯ ಕಾಯಿದೆಯನ್ನು ತಂದಿತ್ತು. ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ನಮ್ಮ ಉತ್ತರ ಕನ್ನಡದ ಕಾಡುಗಳು ಆ ಕಾಯಿದೆಯಡಿ ಮೀಸಲಾದವು. ವುಸ್ಟರ್‌ಶೈರಿನ ಕುರಿಗಾರನಿಗೆ ಹಕ್ಕಾಗಿದ್ದುದು ಶಿರಸಿ, ಸಿದ್ದಾಪುರಗಳ ಕೃಷಿಕನಿಗೆ ಸರಕಾರ ಕೊಡಮಾಡಿದ ಸವಲತ್ತಾಯಿತು. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯ ತನಕ ಸೊಪ್ಪಿನ ಬೆಟ್ಟ ದೊರೆಯಿತು ನಿಜ. ಆದರೆ ಹಕ್ಕನ್ನು ನ್ಯಾಯಾಲಯದಲ್ಲಿ ಕೇಳಬಹುದು. ಸವಲತ್ತನ್ನು ಬೇಡಬೇಕು, ಅದನ್ನು ಹಿಂದೆಗೆದುಕೊಳ್ಳಲೂ ಬರುತ್ತದೆ. 1930ರಲ್ಲಿ ಇದೇ ಜಿಲ್ಲೆಯಲ್ಲಿ ಜಂಗಲ್ ಸತ್ಯಾಗ್ರಹ ನಡೆದಾಗ ಜನರ ಮನಸ್ಸಿನಲ್ಲಿದ್ದುದು ಈ ವ್ಯತ್ಯಾಸವೇ ಎಂದು ನಾನು ಭಾವಿಸುತ್ತೇನೆ.

ಇದನ್ನು ತಮ್ಮ ಜನರ ಬಗೆಗೆ ಆಂಗ್ಲರಿಗಿದ್ದ ಔದಾರ್ಯವೆಂದು ಬಗೆಯುವುದೂ ಸಲ್ಲ. 1604ರಿಂದ 1914ರವರೆಗೆ ಅಲ್ಲಿಯ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಶಾಸನಗಳ ಮೂಲಕ ಸುಮಾರು 68 ಲಕ್ಷ ಎಕರೆ ಸಾಮುದಾಯಿಕ ಭೂಮಿಗೆ ಬೇಲಿ ಹಾಕಿಸಿತು. ದೇಶದ ಐದನೇ ಒಂದು ಪಾಲಿಗಿಂತ ಅಧಿಕ ನೆಲ ಅದು. ಇಂದು ಇಂಗ್ಲೆಂಡಿನಲ್ಲಿ ಸಾಮುದಾಯಿಕ ಭೂಮಿ ಎಂದು ಉಳಿದಿರುವುದು ನೂರಕ್ಕೆ ಮೂರು ಪಾಲು ಮಾತ್ರ. ಮಾಲ್ವರ್ನ್ ಬದುಕಿಕೊಂಡದ್ದಕ್ಕೆ ಬಡ ಕುರಿಗಾರರ ಹಕ್ಕಿನಷ್ಟೇ ಬಂಗಲೆಯವರ ಕಿಟಕಿಯ ನೋಟವೂ ಕಾರಣವಿದ್ದೀತು. 1884ರ ಶಾಸನಕ್ಕೆ ಕಲ್ಲುಗಣಿಗಳನ್ನು ಮುಚ್ಚಿಸಲು ಆಗಲಿಲ್ಲ ಎಂಬುದನ್ನೂ ಹೇಳಬೇಕು. 1909ರಲ್ಲಿ, 1924ರಲ್ಲಿ, 1930ರಲ್ಲಿ ಮತ್ತೆ ಮತ್ತೆ ಶಾಸನಗಳು ಬಂದವು. ಕಲ್ಲು ಒಡೆಯುವುದು ಪೂರ್ತಿ ನಿಂತದ್ದು 1970ರ ದಶಕದಲ್ಲಿ. ಗುಡ್ಡದ ಪಕ್ಕೆಗಳಲ್ಲಿ ಆ ಗಾಯಗಳು ಇಂದಿಗೂ ತೆರೆದೇ ಇವೆ.

ಹಕ್ಕುದಾರರಿಗೆ ನಿಜವಾದ ಪೆಟ್ಟು ಬಿದ್ದದ್ದು ಶಾಂತವಾಗಿ, ಕಾಗದದ ಮೇಲೆ. 1965ರ ನೋಂದಣಿ ಕಾಯಿದೆಯ ಪ್ರಕಾರ ಗಡುವಿನೊಳಗೆ ದಾಖಲಾಗದ ಹಕ್ಕುಗಳು ಅಳಿದುಹೋದವು. ಮೇಯಿಸುವುದು ಲಾಭದಾಯಕವಲ್ಲದೆ, ರಸ್ತೆಗಳಲ್ಲಿ ವಾಹನ ಹೆಚ್ಚಿ, ಹಕ್ಕಿದ್ದವರೂ ಕುರಿ ಬಿಡುವುದನ್ನು ಕಡಿಮೆ ಮಾಡಿದರು. 2001ರಲ್ಲಿ ಕಾಲುಬಾಯಿ ಜ್ವರ ದೇಶವ್ಯಾಪಿಯಾಗಿ 60 ಲಕ್ಷಕ್ಕೂ ಅಧಿಕ ಜಾನುವಾರುಗಳನ್ನು ಕೊಲ್ಲಬೇಕಾಗಿ ಬಂದಾಗ ಇಂತಹ ಹಿಂಡುಗಳ ಕತೆ ಇನ್ನಷ್ಟು ಬಿಗಡಾಯಿಸಿತು. ಹಲ್ಲು ಮತ್ತು ಗೊರಸು ಕಡಿಮೆಯಾದಂತೆ ಪೊದೆ ಮೇಲೇರಿತು. ಜರಿಯ ನೆರಳಿನ ನೇರಳೆ ಗಿಡಗಳನ್ನು ನೆಚ್ಚಿದ್ದ ಹೈ ಬ್ರೌನ್ ಫ್ರಿಟಿಲರಿ ಎಂಬ ಚಿಟ್ಟೆ ಈ ಗುಡ್ಡದಿಂದ ಮರೆಯಾಗಿದೆ, ಗ್ರೇಲಿಂಗ್ ವಿರಳವಾಗಿದೆ. ಈಗ ಮಂಡಳಿ ತಾನಾಗಿಯೇ ದನ-ಕುರಿಗಳನ್ನು ಕರೆತರಿಸುತ್ತದೆ. ತಾತ್ಕಾಲಿಕ ವಿದ್ಯುತ್ ಬೇಲಿಗಳೊಳಗೆ ಸರದಿಯಂತೆ ಮೇಯಿಸುತ್ತದೆ, ಪೊದೆ ಕಡಿಸುತ್ತದೆ. ಹಿಂದೆ ಹಳ್ಳಿಗರು ತಮ್ಮ ಬದುಕಿಗಾಗಿ ಮಾಡುತ್ತಿದ್ದ ಕೆಲಸಕ್ಕೆ ಇಂದು ಸಾರ್ವಜನಿಕರ ಹಣ ಬೇಕಾಗಿದೆ. 1959ರಿಂದ ರಾಷ್ಟ್ರದ ವಿಶಿಷ್ಟ ಸೌಂದರ್ಯ ಪ್ರದೇಶವೆಂಬ ಮನ್ನಣೆ ಪಡೆದ ಗುಡ್ಡದ ಆ ಸೌಂದರ್ಯವನ್ನು ದಿನನಿತ್ಯ ತಯಾರಿಸುವವು ಹೊಟ್ಟೆ ಹಸಿದ ಪ್ರಾಣಿಗಳು ಎಂಬುದನ್ನು ಕೃಷಿವಿಜ್ಞಾನ ಓದುವ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿಯೇ ಕಲಿಯಬೇಕೆಂದಿಲ್ಲ.

ಮಾಲ್ವರ್ನಿನ ಪಾಠವನ್ನು ಹಾಗೆಯೇ ಎತ್ತಿ ತಂದು ಸಹ್ಯಾದ್ರಿಗೆ ಹೊದಿಸಬಾರದು. ನಮ್ಮ ಎತ್ತರದ ಶೋಲಾ ಹುಲ್ಲುಗಾವಲುಗಳು ಬಹುಮಟ್ಟಿಗೆ ನಿಸರ್ಗದವೇ. ಅಲ್ಲಿ ಮೇವಿನ ಲೆಕ್ಕ ಬೇರೆ, ಬೆಂಕಿಯ ಲೆಕ್ಕ ಬೇರೆ. ಸೊಪ್ಪನ್ನು ಮಿತಿಮೀರಿ ಸವರಿ ಬೋಳಾದ ಬೆಟ್ಟಗಳೂ ನಮ್ಮ ಕಣ್ಣೆದುರಿಗಿವೆ, ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆದರೆ ಹುಲ್ಲಿನ ಬ್ಯಾಣಗಳನ್ನು ಬಂಜರೆಂದು ಕರೆದು ಅಕೇಶಿಯಾ ನೆಟ್ಟವರೂ, ಕಾಡಿನಂಚಿನ ಕೃಷಿಕನೇ ಕಾಡಿನ ಶತ್ರುವೆಂದು ಬರೆಯುವವರೂ ಒಮ್ಮೆ ಆ ಗಿಡ್ಡ ಹುಲ್ಲಿನ ಮೇಲೆ ಕುಳಿತು, ಇದು ಯಾರ ದುಡಿಮೆಯೆಂದು ಕೇಳಿಕೊಳ್ಳಬೇಕಿತ್ತು. ಇಂಗ್ಲೆಂಡಿನ ಸಾಮುದಾಯಿಕ ಭೂಮಿಗೆ ಹೊಸ ಕಾಯಿದೆ ಬಂದದ್ದು 2006ರಲ್ಲಿ. ನಮ್ಮ ಅರಣ್ಯ ಹಕ್ಕು ಕಾಯಿದೆಯೂ 2006ರದ್ದೇ. ಬುಡಕಟ್ಟಿಗೆ ಸೇರದ ಅರಣ್ಯವಾಸಿ ಅದರಡಿ ಮೂರು ತಲೆಮಾರಿನ, ಅಂದರೆ 75 ವರ್ಷಗಳ, ವಾಸಕ್ಕೆ ಸಾಕ್ಷ್ಯ ಒದಗಿಸಬೇಕು. ಅಲ್ಲಿ 1965ರಲ್ಲಿ ಕಾಗದವಿಲ್ಲದವನು ಸೋತಂತೆಯೇ ಇಲ್ಲಿಯೂ ಕಾಗದವಿಲ್ಲದವನೇ ಸೋಲುತ್ತಿದ್ದಾನೆ. ಗ್ರಾಮಸಭೆಗಳಲ್ಲಿ ವೈಯಕ್ತಿಕ ಅರ್ಜಿಗಳಿಗೆ ಇರುವ ಉತ್ಸಾಹ ಸಾಮುದಾಯಿಕ ಹಕ್ಕಿನ ಅರ್ಜಿಗಳಿಗೆ ಕಾಣುವುದಿಲ್ಲ. ಮೇವು, ಸೊಪ್ಪು, ನೀರಿನ ದಾರಿಗಳನ್ನು ನಕ್ಷೆಯಲ್ಲಿ ಗುರುತಿಸಿ ದಾಖಲಿಸುವ ಕೆಲಸವನ್ನು ನಮ್ಮ ಕಾಲೇಜು ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಮಾಡಬಲ್ಲರು.

ಮಾಲ್ವರ್ನಿನಲ್ಲಿ ಈ ಜಗಳ ಮುಗಿದಿಲ್ಲ. ಹಳೆಯ ಶಾಸನಗಳನ್ನೆಲ್ಲ ಒಂದುಗೂಡಿಸಿ ಮಂಡಳಿಯ ರಚನೆಯನ್ನೂ ಬದಲಿಸುವ ಮಸೂದೆಯೊಂದನ್ನು ಟ್ರಸ್ಟ್ 2024ರ ಕೊನೆಯಲ್ಲಿ ಪಾರ್ಲಿಮೆಂಟಿಗೆ ಸಲ್ಲಿಸಿದೆ. ಸ್ಥಳೀಯರಲ್ಲಿ ಹಲವರು ಅದನ್ನು ವಿರೋಧಿಸಿದ್ದಾರೆ. ತಾವು ತೆರುವ ಕರಕ್ಕೆ ಪ್ರತಿಯಾಗಿ ಮಂಡಳಿಯಲ್ಲಿ ತಮ್ಮವರು ಎಷ್ಟು ಮಂದಿ ಉಳಿಯುತ್ತಾರೆ ಎಂಬುದನ್ನು ಕಲಮು ಕಲಮಾಗಿ ಓದಿ ಪ್ರಶ್ನಿಸುತ್ತಿದ್ದಾರೆ.